ಸೊಂಟನೋವಿಗೆ ಹಾಸಿಗೆ ಮದ್ದಲ್ಲ

(ನಾಟಿಗೆ ಮುಂಚೆ ನಡೆದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ಕೂಟದಲ್ಲಿ ಒಟ್ಲಿನ ವಿಷಯವನ್ನೂ ಗೊಬ್ಬರದ ವಿಷಯವನ್ನೂ ಮಾತಾಡಬೇಕೆಂದು ನಾನು ಗೊತ್ತುಮಾಡಿಕೊಂಡಿದ್ದೆ. ಆದರೆ ಊರೂರು ತಿರುಗುವಾಗ ನನ್ನ ಕಿವಿಗೆ ಬಿದ್ದ ಮಾತೇ ಬೇರೆ. ಒಂದು ಮನೆಯ ಯಜಮಾನರು ಗೊಬ್ಬರದ ಮೂಟೆ ಎತ್ತಲು ಬಗ್ಗಿದವರು ಸೊಂಟ ಹಿಡಿದುಕೊಂಡು ಮಲಗಿದ್ದಾರೆ. ಹದಿನೈದು ದಿನವಾಯಿತು, ಮಗ್ಗುಲು ಬದಲಿಸಲೂ ಹೆದರುತ್ತಾರೆ. ಇನ್ನೊಂದು ಮನೆಯ ತಾಯಿ ಹಗಲೆಲ್ಲ ಕಳೆ ಕಿತ್ತು ಬಂದು ರಾತ್ರಿ ಒಲೆಯ ಮುಂದೆ ಕೂರಲಾರದೆ ಗೋಡೆ ಹಿಡಿದು ನಿಂತು ಅಡಿಗೆ ಮಾಡುತ್ತಾರೆ. ಮತ್ತೊಬ್ಬರು ಪೇಟೆಯಲ್ಲಿ ಬೆನ್ನಿನ ಚಿತ್ರ ತೆಗೆಸಿ, ಸೂಜಿ ಹಾಕಿಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು, ಒಂದು ಕರಾವಿನ ಹಸುವನ್ನೇ ಮಾರಿದ್ದಾರೆ. ನೋವು ಮಾತ್ರ ಇದ್ದಲ್ಲೇ ಇದೆ. ಆಳು ಸಿಕ್ಕದ ಈ ಕಾಲದಲ್ಲಿ ನಾಟಿಯ ಹದಿನೈದು ದಿನ ಸೊಂಟ ನಿಂತರೆ ಆ ಮನೆಯ ವರ್ಷದ ಬೆಳೆಯೇ ಹಿಂದೆ ಬೀಳುತ್ತದೆ. ಆದುದರಿಂದ ಒಟ್ಲಿನ ಮಾತನ್ನು ಗದ್ದೆಯ ಬದುವಿನ ಮೇಲೆಯೇ ಆಡೋಣ. ಇಂದು ಸೊಂಟದ ವಿಷಯ.

ನಾನು ವೈದ್ಯನಲ್ಲ. ಬೇಸಾಯದ ಡಿಪ್ಲೊಮಾ ಓದಿದವನು. ರೋಗದ ವಿಷಯದಲ್ಲಿ ವೈದ್ಯಶಾಸ್ತ್ರ ಒಪ್ಪಿರುವ ಮಾತನ್ನಷ್ಟೇ ತಮ್ಮ ಮುಂದೆ ಇಡುತ್ತೇನೆ. ಆದರೆ ಈ ನೋವಿನ ಬಹುಪಾಲು ಹುಟ್ಟುವುದು ಗುದ್ದಲಿಯ ಕಾವಿನಲ್ಲಿ, ಮೂಟೆಯ ತೂಕದಲ್ಲಿ, ಕಳೆ ತೆಗೆಯುವ ರೀತಿಯಲ್ಲಿ. ಆ ಭಾಗ ನಮ್ಮ ಕೆಲಸಕ್ಕೆ ಸೇರಿದ್ದು. ಅದನ್ನು ನಾವೇ ಸರಿಪಡಿಸಿಕೊಳ್ಳಬೇಕು.

ಮೊದಲು ಸೊಂಟ ಹೇಗಿದೆ ಎಂಬುದನ್ನು ತಿಳಿಯೋಣ. ಬೆನ್ನುಮೂಳೆ ಒಂದೇ ಕೋಲಲ್ಲ. ಒಂದರ ಮೇಲೊಂದು ಕೂತ ಮಣಿಗಳ ಸಾಲು. ಸೊಂಟದ ಭಾಗದಲ್ಲಿ ಇಂಥ 5 ದಪ್ಪ ಮಣಿಗಳುಂಟು. ಎರಡು ಮಣಿಗಳ ನಡುವೆ ಒಂದೊಂದು ಮೆತ್ತೆ ಇರುತ್ತದೆ. ಡಾಕ್ಟರು ಇದನ್ನೇ ಡಿಸ್ಕ್ ಎನ್ನುತ್ತಾರೆ. ಅದರ ಸುತ್ತ ಗಟ್ಟಿ ನಾರಿನ ಬಳೆ, ಒಳಗೆ ಲೋಳೆಸರದ ತಿರುಳಿನಂಥ ಪದಾರ್ಥ. ಈ ಮೆತ್ತೆಗೆ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ನಾವು ನಡೆದಾಡಿ, ಬಗ್ಗಿ, ಎದ್ದಾಗ ಅದು ಅದುಮಿ ಹಿಗ್ಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ ಬಿಟ್ಟಂತೆ ಆಗ ಸುತ್ತಲಿನ ರಸ ಅದರೊಳಕ್ಕೆ ಹೋಗಿ ಬರುತ್ತದೆ. ಅದಕ್ಕೆ ಆಹಾರ ದೊರೆಯುವುದು ಹೀಗೆ. ಮಣಿಗಳ ಹಿಂದೆ ಎರಡು ಕಡೆಯೂ ಹಗ್ಗದಂತೆ ಮಾಂಸಖಂಡಗಳಿವೆ. ಮಣಿಗಳ ನಡುವಿನ ಕಿಂಡಿಗಳಿಂದ ನರಗಳು ಹೊರಟು ಕಾಲಿಗೆ ಇಳಿಯುತ್ತವೆ.

ಈಗ ಏತವನ್ನು ನೆನಪಿಗೆ ತಂದುಕೊಳ್ಳಿ. ಇಂದು ಏತ ಕಾಣುವುದು ಅಪರೂಪ, ಆದರೆ ಹಿರಿಯರು ಬಲ್ಲರು. ಏತದ ಮರದ ಉದ್ದನೆಯ ಕಡೆಗೆ ತೂಗಿದ ಭಾರ ಸ್ವಲ್ಪವೇ ಆದರೂ, ಗಿಡ್ಡ ಕಡೆಯಲ್ಲಿ ಅದನ್ನು ಸರಿದೂಗಿಸಲು ಅದರ ಹಲವು ಪಟ್ಟು ಭಾರ ಬೇಕು. ನಮ್ಮ ಸೊಂಟವೂ ಹಾಗೆಯೇ. ಬೆನ್ನಿನ ಮಾಂಸಖಂಡ ಎಳೆಯುವುದು ಮಣಿಯ ನಡುಮಧ್ಯದಿಂದ ಸುಮಾರು 5 ಸೆಂಟಿಮೀಟರು ಹಿಂದಿನಿಂದ. ಕೈಯಲ್ಲಿರುವ ಭಾರ ಮುಂದಕ್ಕೆ 50 ಸೆಂಟಿಮೀಟರು ದೂರದಲ್ಲಿದ್ದರೆ, 10 ಕಿಲೋ ಭಾರಕ್ಕೆ ಬೆನ್ನು ಸುಮಾರು 100 ಕಿಲೋದಷ್ಟು ಎಳೆಯಬೇಕಾಗುತ್ತದೆ. ಅದೇ ಭಾರವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಈ ಎಳೆತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ನಾಟಿ ಹಾಕುವ ತಾಯಂದಿರು ಕೇಳಬಹುದು, "ನಮ್ಮ ಕೈಯಲ್ಲಿರುವುದು ಒಂದು ಹಿಡಿ ಪೈರು, ಅದರ ತೂಕವೆಷ್ಟು? ಆದರೂ ಸೊಂಟ ಯಾಕೆ ಬೀಳುತ್ತದೆ?" ಎಂದು. ಪೈರಿನ ತೂಕ ಲೆಕ್ಕಕ್ಕಿಲ್ಲ. ತಲೆ, ತೋಳು, ಎದೆ, ಹೊಟ್ಟೆ ಸೇರಿ ದೇಹದ ತೂಕದ ಸುಮಾರು ಅರ್ಧದಷ್ಟು ಸೊಂಟದ ಮೇಲೆಯೇ ಇದೆ. ಬಗ್ಗಿ ನಿಂತಾಗ ಅದೆಲ್ಲವೂ ಮುಂದಕ್ಕೆ ತೂಗಿಬಿದ್ದ ಭಾರವೇ. 50 ಕಿಲೋ ತೂಗುವ ಹೆಂಗಸು ಬರಿಗೈಯಲ್ಲಿ ಬಗ್ಗಿ ನಿಂತರೂ ಆಕೆಯ ಸೊಂಟ ಒಂದು ಚಿಕ್ಕ ಮೂಟೆಯನ್ನು ಹೊತ್ತಂತೆ. ಅದೂ ಒಂದು ಗಳಿಗೆಯಲ್ಲ, ಬೆಳಗಿನಿಂದ ಸಂಜೆಯವರೆಗೆ. ತುಂಬಾ ಹೊತ್ತು ಪೂರ್ತಿ ಬಗ್ಗಿದ್ದರೆ ಮಾಂಸಖಂಡಗಳು ಸೋತು ಕೆಲಸ ಬಿಡುತ್ತವೆ. ಭಾರವೆಲ್ಲ ಮಣಿಗಳನ್ನು ಕಟ್ಟಿರುವ ನಾರುಗಳ ಮೇಲೆ ಬೀಳುತ್ತದೆ. ಅವು ಹಳೆಯ ಹಗ್ಗದಂತೆ ಜಗ್ಗಿ ಸಡಿಲವಾಗುತ್ತವೆ. ಆ ಸ್ಥಿತಿಯಲ್ಲಿ ತಟ್ಟನೆ ಎದ್ದು ಒಂದು ಹೊರೆ ಎತ್ತಿದರೆ ಹಿಡಿದುಕೊಳ್ಳದೆ ಇನ್ನೇನಾದೀತು?

ಈಗ ನೋವು ಬಂದವರ ಮಾತಿಗೆ ಬರೋಣ. ಸೊಂಟನೋವು ನಮ್ಮ ಹಳ್ಳಿಗೆ ಮಾತ್ರ ಬಂದದ್ದಲ್ಲ. 2020ರಲ್ಲಿ ಲೋಕದಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಇದು ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಇಂಥ ನೋವಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಯಾವ ಒಂದು ರೋಗದಿಂದಲೂ ಬಂದದ್ದಲ್ಲ. ಮೂಳೆ ಮುರಿದಿಲ್ಲ, ಕೊಳೆತಿಲ್ಲ. ಮಾಂಸಖಂಡವೋ ನಾರೋ ಮೆತ್ತೆಯೋ ನೊಂದಿದೆ, ಅಷ್ಟೆ. ಹೊಸದಾಗಿ ಬಂದ ನೋವು ಬಹುಮಂದಿಗೆ ಕೆಲವು ವಾರಗಳಲ್ಲೇ ತಾನಾಗಿ ತಗ್ಗುತ್ತದೆ. ಮತ್ತೆ ಮತ್ತೆ ಬರುವ ಸ್ವಭಾವವೂ ಅದಕ್ಕೆ ಉಂಟು, ಇದನ್ನು ಮುಚ್ಚಿಡಬಾರದು.

ಸೊಂಟ ಹಿಡಿದುಕೊಂಡಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಮಾಡುವ ಉಪಚಾರ, "ಅಲುಗಾಡಬೇಡ, ಮಲಗು" ಎನ್ನುವುದು. ಒಂದು ಕಾಲದಲ್ಲಿ ಡಾಕ್ಟರುಗಳೂ ವಾರಗಟ್ಟಲೆ ಮಲಗಲು ಹೇಳುತ್ತಿದ್ದರು. ಆಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದರು. ಫಿನ್ಲೆಂಡ್ ದೇಶದ ಹೆಲ್ಸಿಂಕಿ ನಗರದಲ್ಲಿ ಸೊಂಟ ಹಿಡಿದ ನೌಕರರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳುವಷ್ಟು ಮಟ್ಟಿಗೆ ದಿನದ ಓಡಾಟ. 1995ರಲ್ಲಿ ಫಲ ಪ್ರಕಟವಾಯಿತು: ಎಂದಿನಂತೆ ಓಡಾಡಿದವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿದ್ದರು, ಮಲಗಿದವರು ಎಲ್ಲರಿಗಿಂತ ಹಿಂದೆ ಉಳಿದಿದ್ದರು. ಮೆತ್ತೆಗೆ ಆಹಾರ ಹೋಗುವುದು ಅಲುಗಾಟದಿಂದ ಎಂದು ಆಗ ಹೇಳಿದೆನಲ್ಲ, ಅದನ್ನು ನೆನೆಯಿರಿ. ನಿಲ್ಲಿಸಿದ ಗಾಡಿಯ ಅಚ್ಚು ತುಕ್ಕು ಹಿಡಿಯುವಂತೆ ಮಲಗಿದ ಬೆನ್ನಿನ ಮಾಂಸಖಂಡವೂ ಸೊರಗುತ್ತದೆ. ತುಂಬಾ ನೋವಿದ್ದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ಆಗಾಗ ಮಲಗಿ ವಿಶ್ರಾಂತಿ ಪಡೆಯಬಹುದು. ಆಗಲೂ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬೇಕು. ಮೂಟೆ ಎತ್ತುವುದು, ಅಗೆಯುವುದು ಬೇಡ. ದನಕ್ಕೆ ಹುಲ್ಲು ಹಾಕುವುದು, ಹೊಲಕ್ಕೆ ನಡೆದು ಹೋಗಿ ಬರುವುದು ಬೇಕು. ನಡೆಯುವಾಗ ಒಂದಿಷ್ಟು ನೋವು ಆದೀತು. ಆ ನೋವೆಂದರೆ ಒಳಗೆ ಏನೋ ಮುರಿಯುತ್ತಿದೆ ಎಂದಲ್ಲ. ಈ ಭಯವೇ ನಮ್ಮ ಜನರನ್ನು ನೋವಿಗಿಂತ ಹೆಚ್ಚು ದಿನ ಮಲಗಿಸುತ್ತಿದೆ ಎಂದು ನನ್ನ ಎಣಿಕೆ.

ಗಟ್ಟಿ ನೆಲದ ಮೇಲೆ ಮಲಗಿದರೆ ಸೊಂಟ ನೆಟ್ಟಗಾಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ಸ್ಪೇನ್ ದೇಶದಲ್ಲಿ 313 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಮೇಲೆಂದು ಕಂಡಿತು. ಒಂದು ಜಮಖಾನೆಯ ಮೇಲೆ ಎರಡು ಮೂರು ಕಂಬಳಿ ಮಡಿಸಿ ಹಾಸಿಕೊಳ್ಳಿ. ಕುಣಿಬಿದ್ದ ಹಗ್ಗದ ಮಂಚ ಮಾತ್ರ ಬೇಡ. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಒಂದು ದಿಂಬಿಟ್ಟರೆ ಅನೇಕರಿಗೆ ಹಿತವಾಗುತ್ತದೆ.

ಬಿಸಿ ಶಾಖ ಒಳ್ಳೆಯದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಾಗಲಿ, ಬಟ್ಟೆಯಲ್ಲಿ ಕಟ್ಟಿ ಬಿಸಿಮಾಡಿದ ಉಪ್ಪಾಗಲಿ ಸಾಕು; ಚರ್ಮ ಸುಡದಂತೆ ಮಾತ್ರ ನೋಡಿಕೊಳ್ಳಬೇಕು, ಅದರಲ್ಲೂ ಸಕ್ಕರೆ ಕಾಯಿಲೆಯವರು. ಎಣ್ಣೆ ಹಚ್ಚಿ ಹಗುರವಾಗಿ ತಿಕ್ಕಿದರೆ ತಪ್ಪೇನಿಲ್ಲ. ಆದರೆ ಬೆನ್ನ ಮೇಲೆ ಹತ್ತಿ ತುಳಿಸಿಕೊಳ್ಳುವುದು, ಲಟಕ್ಕೆಂದು ತಿರುಚಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು, ಇವು ಕೂಡದು. ವಯಸ್ಸಾದವರ ಮೂಳೆ ಒಣಗಿದ ಜೋಳದ ದಂಟಿನಂತಿರಬಹುದು. ಹಾಗೆ ಒದೆಸಿಕೊಂಡು ಮೂಳೆ ಮುರಿದರೆ ಹೊಣೆ ಯಾರು? ಹಿರಿಯರ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಾಗೆ ಮಾಡಿಸಿಕೊಂಡು ವಾಸಿಯಾದವರು ಇದ್ದಾರೆ ಎನ್ನುತ್ತೀರಿ. ಹೌದು, ಇದ್ದಾರೆ, ಮಾಡಿಸಿಕೊಳ್ಳದಿದ್ದರೂ ಅವರಿಗೆ ವಾಸಿಯಾಗುತ್ತಿತ್ತು.

ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಕೇಳಬೇಕು. ಅಂಗಡಿಯಲ್ಲಿ ಸಲೀಸಾಗಿ ಸಿಕ್ಕುವ ಪ್ಯಾರಸಿಟಮಾಲ್ ಮಾತ್ರೆಯನ್ನು ಆಸ್ಟ್ರೇಲಿಯ ದೇಶದಲ್ಲಿ 1,600ಕ್ಕೂ ಹೆಚ್ಚು ಸೊಂಟನೋವಿನವರ ಮೇಲೆ ಪರೀಕ್ಷಿಸಿದರು. 2014ರಲ್ಲಿ ಗೊತ್ತಾದದ್ದು ಇಷ್ಟು: ಔಷಧವೇ ಇಲ್ಲದ ಬರಿಯ ಮಾತ್ರೆಗಿಂತ ಅದು ಬೇಗ ವಾಸಿಮಾಡಲಿಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಕೆಲವು ದಿನದ ಮಟ್ಟಿಗೆ ನೋವು ತಗ್ಗಿಸುತ್ತವೆ. ಆದರೆ ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಕೇಡು. ರಕ್ತದ ಒತ್ತಡ, ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇರುವವರೂ ಗರ್ಭಿಣಿಯರೂ ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಕೂಡದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ತಂದಿರುವುದು ಸಂತೆಯಲ್ಲೂ ಬೀದಿಯಲ್ಲೂ ಹಾಕುವ ಸೂಜಿ, ಹೆಸರಿಲ್ಲದ ಪೊಟ್ಟಣದ ಗುಳಿಗೆ. ಸೂಜಿ ಹಾಕಿದ ಸಂಜೆಗೇ ನೋವು ಮಾಯ, ಹಸಿವು ಜೋರು, ಮೈಗೆ ಹುರುಪು. "ಎಂಥ ಕೈಗುಣ!" ಎಂದು ಜನ ಹೊಗಳುತ್ತಾರೆ. ಇಂಥ ಮದ್ದಿನಲ್ಲಿ ಅನೇಕ ಸಲ ಇರುವುದು ಸ್ಟೆರಾಯ್ಡ್. ಅಗತ್ಯ ಬಿದ್ದ ರೋಗಕ್ಕೆ ತಕ್ಕ ಡಾಕ್ಟರು ಅಳತೆ ನೋಡಿ ಕೊಟ್ಟರೆ ಅದು ಜೀವ ಉಳಿಸುವ ಮದ್ದು. ಗೊತ್ತಿಲ್ಲದವನ ಕೈಯಲ್ಲಿ ತಿಂಗಳುಗಟ್ಟಲೆ ಮೈಗೆ ಸೇರಿದರೆ ಮುಖ ಊದುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬೆನ್ನು ವಾಸಿಯಾಗಲೆಂದು ಹಾಕಿಸಿಕೊಂಡ ಸೂಜಿಯಿಂದ ಬೆನ್ನಿನ ಮಣಿಯೇ ಕುಸಿಯಬಹುದು. ಬಹಳ ದಿನದಿಂದ ಅಂಥ ಗುಳಿಗೆ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ಹಿಡಿದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಲ್ಲಿಗೆ ಹೋಗಬೇಕು.

ಹಸು ಮಾರಿ ಚಿತ್ರ ತೆಗೆಸಿದವರ ಮಾತಿಗೆ ಬರುತ್ತೇನೆ. "ನಿಮ್ಮ ಮೂಳೆ ಸವೆದಿದೆ, ಡಿಸ್ಕ್ ಉಬ್ಬಿದೆ" ಎಂದು ಕಾಗದದಲ್ಲಿ ಬರೆದು ಕೊಟ್ಟರೆ ಯಾರ ಎದೆ ತಾನೇ ಕುಗ್ಗದು? ಆದರೆ ಕೇಳಿ. ಯಾವ ನೋವೂ ಇಲ್ಲದ ಜನರ ಬೆನ್ನಿನ ಚಿತ್ರಗಳ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದರು. ಇಪ್ಪತ್ತು ವರ್ಷದವರಲ್ಲೇ ನೂರಕ್ಕೆ 37 ಮಂದಿಯ ಮೆತ್ತೆ ಸವೆದಿತ್ತು, 30 ಮಂದಿಯದು ಉಬ್ಬಿತ್ತು. ಎಂಬತ್ತು ವರ್ಷದವರಲ್ಲಿ ಸವೆತ ನೂರಕ್ಕೆ 96 ಮಂದಿಗೆ. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬೇಡಿ. ವಯಸ್ಸಿಗೆ ತಲೆಗೂದಲು ನರೆಯುವಂತೆ ಮೆತ್ತೆಯೂ ಸವೆಯುತ್ತದೆ. ಹಾಗಾಗಿ ನೋವು ಹೊಸದಾಗಿದ್ದು, ನಾನು ಮುಂದೆ ಹೇಳುವ ಅಪಾಯದ ಗುರುತುಗಳು ಇಲ್ಲದಿದ್ದರೆ, ಚಿತ್ರ ತೆಗೆಸುವ ಅವಸರ ಬೇಡ. ಸೊಂಟಕ್ಕೆ ಬಿಗಿಯುವ ಪಟ್ಟಿ, ಭಾರ ಕಟ್ಟಿ ಎಳೆಸುವ ಉಪಚಾರ, ಇವನ್ನೂ ಬಹುಕಾಲದ ಸೊಂಟನೋವಿಗೆ ರೂಢಿಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಸಲಹೆಯಲ್ಲಿ ಹೇಳಿದೆ.

ನೋವು ಕುಂಡೆಯಿಂದ ಇಳಿದು ಮಂಡಿಯ ಕೆಳಗೆ ಪಾದದವರೆಗೆ ಮಿಂಚಿನಂತೆ ಹರಿದರೆ ಮೆತ್ತೆ ಉಬ್ಬಿ ನರವನ್ನು ಒತ್ತಿರುವುದು ಸಾಧ್ಯ. ಇದಕ್ಕೆ ಡಾಕ್ಟರನ್ನು ಕಾಣಬೇಕು. ಆದರೂ ಧೈರ್ಯಗೆಡಬೇಕಾಗಿಲ್ಲ, ಹೊರಬಂದ ಮೆತ್ತೆ ಬಹುಮಂದಿಯಲ್ಲಿ ವಾರಗಳು ತಿಂಗಳುಗಳು ಕಳೆದಂತೆ ತಾನಾಗಿಯೇ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ.

ಇನ್ನು ಆ ನೂರಕ್ಕೆ ಹತ್ತರ ಮಾತು. ಇಲ್ಲಿ "ತಾನಾಗಿ ವಾಸಿಯಾದೀತು" ಎಂದು ಕೂತರೆ ಅನಾಹುತ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲದ ಹಿಡಿತ ತಪ್ಪಿದರೆ, ತೊಡೆಯ ಸಂದಿಯಲ್ಲಿ ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಬಂದರೆ ಅದೇ ದಿನ, ರಾತ್ರಿಯಾದರೂ ಸರಿಯೇ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಗಾಗಲಿ ಎಂದು ಕಾದರೆ ಕಾಲು ಶಾಶ್ವತವಾಗಿ ಹೋಗಬಹುದು. ತೆಂಗಿನ ಮರದಿಂದಲೋ ಹುಲ್ಲಿನ ಮೆದೆಯಿಂದಲೋ ಬಿದ್ದವರನ್ನು ಇಬ್ಬರು ಕಂಕುಳಿಗೆ ಕೈಕೊಟ್ಟು ಎಬ್ಬಿಸಬೇಡಿ. ಹಲಗೆಯ ಮೇಲೆ ಬೆನ್ನು ಅಲುಗದಂತೆ ಮಲಗಿಸಿ ಸಾಗಿಸಿ.

ಸಂಜೆ ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ತಗ್ಗದ ನೋವು ಇದ್ದರೆ ಬೆನ್ನಿನ ಕ್ಷಯವೋ ಎಂದು ನೋಡಿಸಬೇಕು. ಕ್ಷಯ ಎದೆಗೆ ಮಾತ್ರ ಬರುವ ರೋಗವಲ್ಲ; ಬೆನ್ನಿನ ಮಣಿಗೂ ಹತ್ತುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಔಷಧಕ್ಕೆ ಹಣ ಕೊಡಬೇಕಾಗಿಲ್ಲ. ತಿಂಗಳುಗಟ್ಟಲೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ.

ದನ ಸಾಕುವ ನಮಗೆ ಇನ್ನೊಂದು ಇದೆ. ಹಸು ಎಮ್ಮೆಗಳಲ್ಲಿ ಕಂದು ಹಾಕುವ ರೋಗವನ್ನು ತಾವೆಲ್ಲ ಬಲ್ಲಿರಿ, ಬ್ರುಸೆಲ್ಲೋಸಿಸ್ ಎನ್ನುತ್ತಾರೆ. ಇದು ಮನುಷ್ಯರಿಗೂ ಅಂಟುತ್ತದೆ. ಕಂದು ಹಾಕಿದ ಹಸುವಿನ ಸತ್ತೆಯನ್ನು ಬರಿಗೈಯಲ್ಲಿ ತೆಗೆದವರಿಗೆ, ಹಸಿ ಹಾಲು ಕುಡಿದವರಿಗೆ ಬರಬಹುದು. ಬಂದು ಹೋಗುವ ಜ್ವರ, ಬೆವರು, ಕೀಲುನೋವು, ಸೊಂಟನೋವು ಇದರ ಲಕ್ಷಣ. ಇಂಥ ನೋವಿರುವವರು ಡಾಕ್ಟರಿಗೆ "ನಮ್ಮ ಮನೆಯಲ್ಲಿ ಹಸು ಕಂದು ಹಾಕಿತ್ತು" ಎಂದು ತಪ್ಪದೆ ಹೇಳಬೇಕು. ಹೇಳದಿದ್ದರೆ ಅವರಿಗೆ ಹೊಳೆಯದೆ ಹೋಗಬಹುದು. ಹಾಲು ಕಾಯಿಸಿಯೇ ಕುಡಿಯಿರಿ, ಸತ್ತೆ ಮುಟ್ಟುವಾಗ ಕೈಗೆ ರಬ್ಬರಿನ ಚೀಲ ತೊಡಿರಿ, 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿ.

ನಲವತ್ತು ದಾಟದ ಯುವಕರಿಗೆ ಒಂದು ಮಾತು. ಬೆಳಗ್ಗೆ ಎದ್ದಾಗ ಸೊಂಟ ಅರ್ಧ ಗಂಟೆಗೂ ಹೆಚ್ಚು ಮರದಂತೆ ಬಿಗಿದಿದ್ದು, ಕೆಲಸ ಮಾಡಿದಷ್ಟೂ ಸಡಿಲವಾಗಿ, ಕೂತಷ್ಟೂ ಹೆಚ್ಚಾಗುತ್ತಾ ಮೂರು ತಿಂಗಳು ದಾಟಿದರೆ ಅದು ದುಡಿತದ ನೋವಲ್ಲದಿರಬಹುದು. ಕೀಲುಗಳ ಉರಿಯೂತದ ರೋಗವೊಂದುಂಟು. ಬೇಗ ಗುರುತಿಸಿದರೆ ಬೆನ್ನು ಬಾಗದಂತೆ ತಡೆಯುವ ಔಷಧಗಳಿವೆ. ತಾಯಂದಿರು ಕಿಬ್ಬೊಟ್ಟೆಯ ನೋವು, ಬಿಳಿಸೆರಗು, ಗರ್ಭಕೋಶ ಕೆಳಗೆ ಜಗ್ಗಿದಂತಾಗುವುದು ಇವುಗಳ ಜೊತೆ ಬರುವ ಸೊಂಟನೋವನ್ನು ಸಂಕೋಚಪಟ್ಟು ಮುಚ್ಚಿಡದೆ ಆರೋಗ್ಯ ಸಹಾಯಕಿಯರಲ್ಲಿ ಹೇಳಿಕೊಳ್ಳಬೇಕು. ಪಕ್ಕೆಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ ನೋವು, ಉರಿಮೂತ್ರ ಇದ್ದರೆ ಮೂತ್ರದ ಕಲ್ಲಿರಬಹುದು.

ರೋಗದ ಮಾತು ಇಷ್ಟು ಸಾಕು. ನನ್ನ ಕೆಲಸಕ್ಕೆ ಸೇರಿದ ಭಾಗಕ್ಕೆ ಬರುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಸೊಪ್ಪು, ಬೀಟ್ ಗೆಡ್ಡೆಗಳ ಹೊಲಗಳಲ್ಲಿ ಕೂಲಿಗಾರರಿಗೆ ಮೊಳದುದ್ದದ ಗಿಡ್ಡ ಕಾವಿನ ಗುದ್ದಲಿ ಕೊಡುತ್ತಿದ್ದರು. ದಿನವೆಲ್ಲ ಬಗ್ಗಿಯೇ ಕೆಲಸ. ಉದ್ದ ಕಾವು ಕೊಟ್ಟರೆ ಗಿಡ ಕೆಡುತ್ತದೆ ಎಂಬುದು ಜಮೀನ್ದಾರರ ವಾದ. ಬಗ್ಗಿದವರ ನಡುವೆ ಯಾರು ಎದ್ದು ನಿಂತರೂ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ ಎಂಬ ಅನುಕೂಲವೂ ಇತ್ತು. ಕೂಲಿಗಾರರ ಮುಂದಾಳು ಸೀಸರ್ ಚಾವೆಜ್ ಅವರ ಬೆನ್ನನ್ನೇ ಆ ಗುದ್ದಲಿ ತಿಂದಿತ್ತು. ವೈದ್ಯರು ಸಾಕ್ಷಿ ಹೇಳಿದರು, ನ್ಯಾಯಾಲಯದವರೆಗೆ ಹೋಯಿತು. 1975ರಲ್ಲಿ ಆ ರಾಜ್ಯದಲ್ಲಿ ಗಿಡ್ಡ ಗುದ್ದಲಿಯನ್ನು ನಿಷೇಧಿಸಿದರು. ಉದ್ದ ಕಾವಿನಿಂದ ಅಲ್ಲಿನ ಬೇಸಾಯವೇನೂ ಮುಳುಗಲಿಲ್ಲ.

ನಮ್ಮಲ್ಲಿ ಯಾವ ಮೇಸ್ತ್ರಿಯೂ ಬಲವಂತ ಮಾಡಿಲ್ಲ. ಆದರೂ ರಾಗಿ ಹೊಲದಲ್ಲಿ ನಮ್ಮ ತಾಯಂದಿರ ಕೈಯಲ್ಲಿ ಇಂದೂ ಗೇಣುದ್ದದ ಕುರ್ಚಿಗೆಯೇ ಇದೆ. ಟ್ರ್ಯಾಕ್ಟರಿಗೆ ಸಾಲ ಮಾಡುವ ಯಜಮಾನರು ಹೆಂಗಸರ ಕೈಯ ಕುರ್ಚಿಗೆಯ ಕಡೆ ನೋಡಿದ್ದುಂಟೇ? ಈ ಮಾತು ಕೆಲವರಿಗೆ ಚುಚ್ಚಬಹುದು, ಆದರೂ ಹೇಳಬೇಕಾಗಿದೆ. ರಾಗಿಯನ್ನು ಚೆಲ್ಲದೆ ಕೂರಿಗೆಯಲ್ಲಿ ಸಾಲಾಗಿ ಬಿತ್ತಿದರೆ ಎಡೆಕುಂಟೆ ಹೊಡೆಯಬಹುದು, ಸೈಕಲ್ ಕುಂಟೆ ತಳ್ಳಬಹುದು. ಕೈಯಿಂದ ಕೀಳಲು ಬುಡದ ಕಳೆಯಷ್ಟೇ ಉಳಿಯುತ್ತದೆ. ಭತ್ತವನ್ನು ಹಗ್ಗ ಹಿಡಿದು ಸಾಲುನಾಟಿ ಮಾಡಿದರೆ ಕೋನೋ ವೀಡರನ್ನು ನಿಂತುಕೊಂಡೇ ತಳ್ಳಬಹುದು. ಸಾಲುನಾಟಿಗೆ ಮೊದಲ ದಿನ ಹೊತ್ತು ಹೆಚ್ಚು ಹಿಡಿಯುತ್ತದೆ, ನಾಟಿಯ ಆಳುಗಳು ಗೊಣಗುತ್ತಾರೆ. ಆ ಹೊತ್ತು ಕಳೆ ತೆಗೆಯುವಾಗ ವಾಪಸು ಬರುತ್ತದೆ. ತಳ್ಳುವ ಸಲಕರಣೆಯ ಹಿಡಿ ಸೊಂಟಕ್ಕಿಂತ ಮೇಲೆ, ಎದೆಗಿಂತ ಕೆಳಗೆ ಇರಬೇಕು. ಕೆರೆಯುವ ಗುದ್ದಲಿಯ ಕಾವು ನಿಂತವರ ಎದೆಮಟ್ಟಕ್ಕೆ ಬರಲಿ. ಗಂಡಸರ ಅಳತೆಗೆ ಮಾಡಿದ್ದನ್ನು ಹೆಂಗಸರ ಕೈಗೆ ಕೊಡಬೇಡಿ. ಅವರವರ ಅಳತೆಗೆ ಅವರವರ ಕಾವು.

ನಾಟಿ ಹಾಕಲೇಬೇಕಾದವರು ಬದುವಿನಿಂದ ಬದುವಿಗೆ ಒಂದು ಪಟ್ಟಿ ಮುಗಿದಾಗಲೆಲ್ಲ ಎದ್ದು ನಿಂತು, ಎರಡು ಕೈಯನ್ನೂ ಸೊಂಟದ ಹಿಂದೆ ಇಟ್ಟು, ಐದಾರು ಸಲ ಹಗುರವಾಗಿ ಹಿಂದಕ್ಕೆ ಬಾಗಿ. ಮುಯ್ಯಾಳು ಸೇರಿದಾಗ ಒಬ್ಬರೇ ದಿನವೆಲ್ಲ ನಾಟಿ ಹಾಕುವುದು, ಇನ್ನೊಬ್ಬರೇ ದಿನವೆಲ್ಲ ಪೈರು ಕೀಳುವುದು ಬೇಡ. ಕೀಳುವವರು, ಕಂತೆ ಹೊರುವವರು, ನೆಡುವವರು ಸರದಿ ಬದಲಿಸಿಕೊಳ್ಳಲಿ. ಬಗ್ಗಿ ಎದ್ದ ಕೂಡಲೇ ಹೊರೆ ಎತ್ತಬೇಡಿ. ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದಾಡಿ, ಆಮೇಲೆ ಎತ್ತಿ.

ಮೂಟೆಯ ತೂಕದ ಮಾತು. ಗಂಡಸೊಬ್ಬ ಹೊರುವ ಭಾರ 55 ಕಿಲೋಗಿಂತ ಹೆಚ್ಚಿದ್ದಲ್ಲಿ ಅದನ್ನು ಬೇಗ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿತು. ಪದೇ ಪದೇ ಎತ್ತುವ ಕೆಲಸಕ್ಕೆ ಇದು ಕೂಡ ಹೆಚ್ಚು. ಎಲ್ಲ ಅನುಕೂಲವಿದ್ದಾಗಲೂ 23 ಕಿಲೋ ಮೇಲ್ಮಿತಿ ಎಂದು ಅಮೆರಿಕದ ತಜ್ಞರು 1991ರಲ್ಲಿ ಲೆಕ್ಕ ಕಟ್ಟಿದ್ದಾರೆ. ನಮ್ಮ ಯೂರಿಯ ಚೀಲ 45 ಕಿಲೋ, ಡಿಎಪಿ 50 ಕಿಲೋ, ಭತ್ತದ ಮೂಟೆಯೋ ಇನ್ನೂ ಮೇಲೆ. ಆದುದರಿಂದ ಚೀಲವನ್ನು ಇಬ್ಬರು ಎತ್ತಿ. ಮನೆಯಲ್ಲಿ ನೆಲದ ಮೇಲೆ ಪೇರಿಸದೆ ಜಗುಲಿಯ ಎತ್ತರಕ್ಕೆ ಹಲಗೆ ಕಟ್ಟಿ ಅದರ ಮೇಲೆ ಇಡಿ. ನೆಲದಿಂದ ಎತ್ತುವುದೇ ಎಲ್ಲಕ್ಕಿಂತ ಕಷ್ಟ. ಒಕ್ಕಣೆ ಮಾಡಿ ಭತ್ತ ತುಂಬುವಾಗ ಚಿಕ್ಕ ಚೀಲ ಮಾಡಿ. ಒಂದಕ್ಕೆ ಎರಡು ಚೀಲದ ಖರ್ಚು ಬಂದರೂ ಒಂದು ಸೂಜಿಯ ಖರ್ಚಿಗಿಂತ ಕಡಿಮೆ. ಔಷಧಿ ಸಿಂಪಡಿಸುವ 16 ಲೀಟರಿನ ಪಂಪು ತುಂಬಿದರೆ 20 ಕಿಲೋ ಮುಟ್ಟುತ್ತದೆ. ಅದನ್ನು ನೆಲದಿಂದ ಎತ್ತಿ ಬೆನ್ನಿಗೆ ಎಸೆದುಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ. ಕಲ್ಲಿನ ಮೇಲೋ ಗಾಡಿಯ ಹಿಂದೆಯೋ ಸೊಂಟದ ಎತ್ತರಕ್ಕೆ ಇಟ್ಟು, ಬೆನ್ನು ಕೊಟ್ಟು, ಎರಡು ಪಟ್ಟಿಯನ್ನೂ ಹೆಗಲಿಗೆ ಹಾಕಿ ನೆಟ್ಟಗೆ ಏಳಿ. ಮುಕ್ಕಾಲು ತುಂಬಿದರೆ ಸಾಕು.

ಎತ್ತುವ ರೀತಿಯನ್ನು ಬಗೆಬಗೆಯಾಗಿ ಕಲಿಸುತ್ತಾರೆ. ರೀತಿ ಕಲಿಸಿದ ಮಾತ್ರಕ್ಕೆ ನೋವು ನಿಂತದ್ದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಭಾರ ಇಳಿಸುವುದೇ ಮುಖ್ಯ. ಆದರೂ ಎರಡು ಮಾತು ನೆನಪಿಡಿ: ಭಾರವನ್ನು ಮೈಗೆ ಒತ್ತಿ ಹಿಡಿಯಿರಿ, ಎತ್ತಿಕೊಂಡು ಸೊಂಟ ತಿರುಚದೆ ಪಾದ ತಿರುಗಿಸಿ ತಿರುಗಿ. ಇನ್ನೊಂದು, ರಾತ್ರಿ ಮಲಗಿದಾಗ ಮೆತ್ತೆ ನೀರು ಹೀರಿ ಉಬ್ಬಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಕೊಟ್ಟಿಗೆ ಬಾಚಿ ಸಗಣಿ ಮಂಕರಿ ಎತ್ತುವುದನ್ನು ಒಂದು ಗಂಟೆ ಮುಂದೆ ಹಾಕಿ, ಮೊದಲು ನಿಂತು ಮಾಡುವ ಕೆಲಸ ಮುಗಿಸಿ. ಮಂಕರಿಯನ್ನೂ ಅರ್ಧ ತುಂಬಿ ಎರಡು ಸಲ ಹೊರುವುದೇ ಲೇಸು. ಟ್ರ್ಯಾಕ್ಟರ್, ಟಿಲ್ಲರ್ ಓಡಿಸುವವರಿಗೆ ಕುಲುಕಾಟವೇ ಶತ್ರು. ಆಸನಕ್ಕೆ ಮೆತ್ತೆ ಇರಲಿ, ಗಂಟೆಗೊಮ್ಮೆ ಇಳಿದು ನಡೆದಾಡಿ.

ನೋವು ಇಳಿದ ಮೇಲೆ ಅದು ಮರಳದಂತೆ ಮಾಡುವುದಕ್ಕೆ ದುಬಾರಿ ಉಪಾಯ ಬೇಕಿಲ್ಲ. ಆಸ್ಟ್ರೇಲಿಯದಲ್ಲಿ 701 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2024ರಲ್ಲಿ ಬಂದಿತು. ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿಯಿಟ್ಟುಕೊಂಡವರಲ್ಲಿ ನೋವು ಮರಳುವವರೆಗೆ ನಡುಮಟ್ಟಿನ ಅವಧಿ 208 ದಿನ. ಉಳಿದವರಲ್ಲಿ 112 ದಿನ. "ನಾವು ದಿನವೆಲ್ಲ ನಡೆಯುವುದಿಲ್ಲವೇ?" ಎಂದು ನಗುತ್ತೀರಿ. ತಾವು ನಡೆಯುವುದು ಹೊರೆ ಹೊತ್ತು, ಬಗ್ಗಿ, ಕೆಸರು ತುಳಿದು. ನಾನು ಹೇಳುವುದು ಕೈಬೀಸಿ, ನೆಟ್ಟಗೆ, ಬರಿಮೈಯಲ್ಲಿ ನಡೆಯುವ ನಡಿಗೆ. ಸಂಜೆ ನಾಲೆಯ ಏರಿಯ ಮೇಲೆ ಹೋಗಿ ಬನ್ನಿ, ಸೊಸೆಯಂದಿರನ್ನೂ ಕಳುಹಿಸಿ. ಮನೆಗೆ ಬಂದು ಅಂಗಾತ ಮಲಗಿ, ಮಂಡಿ ಮಡಿಸಿ, ಪಾದ ಊರಿ, ಸೊಂಟವನ್ನು ಮೆಲ್ಲಗೆ ಮೇಲಕ್ಕೆತ್ತಿ ಹತ್ತು ಎಣಿಸಿ ಇಳಿಸಿ, ಹತ್ತು ಸಲ. ಕಾಲಿಗೆ ನೋವು ಹರಿದರೆ ನಿಲ್ಲಿಸಿ. ಬೀಡಿ ಸೇದುವವರಲ್ಲಿ ಸೊಂಟನೋವು ಹೆಚ್ಚೆಂದು ಕಂಡುಬಂದಿದೆ, ಅದನ್ನೂ ಹೇಳಿಬಿಡುತ್ತೇನೆ; ಕಟ್ಟೆಯ ಮೇಲಿನವರು ನನ್ನ ಮೇಲೆ ಮುನಿಯಬಾರದು.

ಮುಂದಿನ ಸೋಮವಾರ ಬೆಳಗ್ಗೆ ಪಂಚಾಯಿತಿ ಕಟ್ಟೆಯ ಬಳಿ ಕೋನೋ ವೀಡರನ್ನೂ ಸೈಕಲ್ ಕುಂಟೆಯನ್ನೂ ತರುತ್ತೇನೆ. ಕೆಸರು ಮಾಡಿದ ಒಂದು ಮಡಿ ಪಕ್ಕದಲ್ಲೇ ಇದೆ, ತಳ್ಳಿ ನೋಡಬಹುದು. ಬಡಗಿಯವರೂ ಬರಲು ಒಪ್ಪಿದ್ದಾರೆ. ತಮ್ಮ ತಮ್ಮ ಗುದ್ದಲಿ, ಕುರ್ಚಿಗೆಗಳನ್ನು ತನ್ನಿ. ಕಾವಿಗೆ ಒಣಗಿದ ನೇರ ಬಿದಿರೋ ಜಾಲಿಯ ಕೋಲೋ ಇದ್ದರೆ ಅದನ್ನೂ ತನ್ನಿ. ಅಳತೆ ತೆಗೆಯಬೇಕಾದುದರಿಂದ ಗುದ್ದಲಿಯನ್ನು ಮಾತ್ರ ಕಳುಹಿಸದೆ, ಅದನ್ನು ಹಿಡಿಯುವವರೇ ಬರಬೇಕು.